ಶುಕ್ರವಾರದ ಪ್ರಾರ್ಥನೆ, ಗೋಡೆಯಾಚೆಯ ಕಾಕಾ

ಪ್ರಶ್ನೆ:

ನಾನು ಧಾರವಾಡದವಳು, ಶಾಲಾ ಶಿಕ್ಷಕಿ. ಮೂರು ತಲೆಮಾರಿನಿಂದ ನಮ್ಮದು ಸಿಎಸ್‌ಐ ಕ್ರೈಸ್ತ ಸಭೆಯ ಕುಟುಂಬ. ಯಜಮಾನರು ತೀರಿಕೊಂಡು ಆರು ವರ್ಷವಾಯಿತು. ಪಕ್ಕದ ಮನೆಯ ಕಾಕಾ, ಕಾಕು ನಮಗೆ ಇಪ್ಪತ್ತೆರಡು ವರ್ಷದ ನೆರೆಹೊರೆ. ಯಜಮಾನರು ಹೋದ ದಿನ ಮೊದಲು ಓಡಿ ಬಂದವರು ಅವರೇ, ಮೂರು ದಿನ ನಮ್ಮ ಮನೆಗೆ ಊಟ ಬಂದದ್ದೂ ಅವರ ಮನೆಯಿಂದಲೇ. ಪಂಚಮಿಗೆ ಅವರ ಮನೆಯ ಉಂಡಿ ನಮಗೆ, ಕ್ರಿಸ್ಮಸ್ಸಿಗೆ ನಮ್ಮ ಮನೆಯ ಕರ್ಚಿಕಾಯಿ, ಕೇಕು ಅವರಿಗೆ. ದಸರೆಯಲ್ಲಿ ಬನ್ನಿ ಕೊಟ್ಟು ಕಾಕಾನ ಕಾಲಿಗೆ ನಮಸ್ಕಾರ ಮಾಡಿ ಬರುತ್ತಿದ್ದೆ.

ಮಗನಿಗೆ ಇಪ್ಪತ್ನಾಲ್ಕು ವರ್ಷ. ಬೆಂಗಳೂರಿನಲ್ಲಿದ್ದಾಗ ಒಂದು ಪ್ರಾರ್ಥನಾ ಗುಂಪಿಗೆ ಸೇರಿ ಬಹಳ ಬದಲಾದ. ಕುಡಿತ ಬಿಟ್ಟ, ದಿನಾಲೂ ಸತ್ಯವೇದ ಓದುತ್ತಾನೆ. ಅದಕ್ಕಾಗಿ ದೇವರಿಗೆ ಸ್ತೋತ್ರ ಹೇಳುತ್ತೇನೆ. ಈಗ ಹುಬ್ಬಳ್ಳಿಯಲ್ಲಿ ಕೆಲಸ, ಮನೆಯಿಂದಲೇ ಓಡಾಡುತ್ತಾನೆ. ಪ್ರತಿ ಶುಕ್ರವಾರ ರಾತ್ರಿ ನಮ್ಮ ಪಡಸಾಲೆಯಲ್ಲಿ ಹುಡುಗರ ಪ್ರಾರ್ಥನೆ ಕೂಟ. ಕೀಬೋರ್ಡು, ಸ್ಪೀಕರು, ಜೋರು ಹಾಡು. ಮುಗಿಯುವುದು ಹತ್ತೂವರೆಗೆ. ಬೈಕುಗಳು ಕಾಕುವಿನ ಗೇಟಿಗೆ ಅಡ್ಡ ನಿಲ್ಲುತ್ತವೆ.

ಕಾಕಾಗೆ ಕಿಡ್ನಿ ತೊಂದರೆ, ವಾರಕ್ಕೆ ಎರಡು ಸಲ ಡಯಾಲಿಸಿಸ್. ಶ್ರಾವಣದಲ್ಲಿ ಅವರ ಮನೆಯಲ್ಲಿ ಸತ್ಯನಾರಾಯಣ ಪೂಜೆ ಆಯಿತು. ಕಾಕು ಡಬ್ಬಿಯಲ್ಲಿ ಪ್ರಸಾದದ ಶಿರಾ ತಂದರು. ಮಗ ಬಾಗಿಲಲ್ಲೇ, "ಇದು ಮೂರ್ತಿಗೆ ಎಡಿ ಹಿಡದದ್ದು, ಇನ್ನ ಮ್ಯಾಲೆ ನಮ್ಮನಿಗೆ ತರಬ್ಯಾಡ್ರಿ" ಅಂದುಬಿಟ್ಟ. ನಾನು ಅಲ್ಲೇ ನಿಂತಿದ್ದೆ, ಬಾಯಿಯೇ ಬರಲಿಲ್ಲ. ಕಾಕು ಡಬ್ಬಿಯನ್ನು ಕಟ್ಟೆಯ ಮೇಲಿಟ್ಟು ಹೋದರು. ಮುಂದಿನ ವಾರ ಅವನು ಕಾಕಾನ ಹತ್ತಿರ ಹೋಗಿ ಕರಪತ್ರ ಕೊಟ್ಟು, ಯೇಸುವನ್ನು ನಂಬಿದರೆ ಡಯಾಲಿಸಿಸ್ಸೇ ಬೇಕಾಗುವುದಿಲ್ಲ ಎಂದು ಹೇಳಿದನಂತೆ. ಕಾಕಾ ಒಂದು ಸರದಿ ಬಿಡಲೇ ಎಂದು ಕಾಕುವನ್ನು ಕೇಳಿದರಂತೆ. ಅಂದಿನಿಂದ ಮಾತು ನಿಂತಿದೆ. ಓಣಿಯಲ್ಲಿ "ಮತಾಂತರ" ಎಂಬ ಮಾತು ಎದ್ದಿದೆ. ನಾನು ಮುಂಜಾನೆ ಕೀರ್ತನೆ ಹಾಡುವುದನ್ನೂ ಬಿಟ್ಟಿದ್ದೇನೆ, ಕಿಟಕಿ ಹಾಕಿಕೊಂಡಿರುತ್ತೇನೆ.

ಮಗನಿಗೆ ಹೇಳಲು ಹೋದರೆ, "ಅವ್ವಾ, ನೀ ಕ್ರಿಸ್ತನ ಬಗ್ಗೆ ನಾಚಿಕೊಳ್ತಿ" ಅನ್ನುತ್ತಾನೆ. ಇಷ್ಟು ವರ್ಷ ನಾನು ಪ್ರಸಾದ ತಿಂದದ್ದು ಪಾಪವೇ? ಅವನನ್ನು ತಡೆದರೆ ನಾನು ಕರ್ತನನ್ನು ಅಲ್ಲಗಳೆದಂತೆ ಆಗುತ್ತದೆಯೇ? ಕಾಕುವಿನ ಮುಖ ಹೇಗೆ ನೋಡಲಿ?

– ಹೆಸರು ಬೇಡ, ಧಾರವಾಡ

ಉತ್ತರ:

ಪ್ರೀತಿಯ ತಂಗಿ,

ನೀವು ಕಡೆಗೆ ಕೇಳಿದ್ದಕ್ಕೆ ಮೊದಲು ಉತ್ತರ ಹೇಳುತ್ತೇನೆ, ಅದು ಕಾಯುವಂಥದ್ದಲ್ಲ. ಕಾಕುವಿನ ಮನೆಗೆ ಹೋಗಿ. ಈ ಪತ್ರಿಕೆ ನಿಮ್ಮ ಕೈಗೆ ಬಂದ ವಾರವೇ ಹೋಗಿ.

ಡಯಾಲಿಸಿಸ್ ಇರುವ ದಿನ ಮಾತ್ರ ಬೇಡ. ಒಂದು ಸರದಿಗೆ ಸುಮಾರು ನಾಲ್ಕು ತಾಸು ಹಿಡಿಯುತ್ತದೆ. ಆಮೇಲೆ ಬಿಪಿ ಇಳಿದು, ಕಾಲು ಸೆಳೆದು, ಮನುಷ್ಯ ಹಾಸಿಗೆಗೆ ಬಿದ್ದರೆ ಸಾಕೆನ್ನುವ ಸ್ಥಿತಿಯಲ್ಲಿರುತ್ತಾನೆ. ಕರೆದುಕೊಂಡು ಹೋಗಿ ಬಂದ ಕಾಕುವೂ ಅಷ್ಟೇ ದಣಿದಿರುತ್ತಾರೆ. ಮರುದಿನ, ಅವರ ಪೂಜೆ, ಅಡಿಗೆ ಎಲ್ಲ ಮುಗಿಯುವ ಹೊತ್ತಿಗೆ ಹೋಗಿ. ಒಬ್ಬರೇ ಹೋಗಿ. ಹೇಳಬೇಕಾದದ್ದು ಇಷ್ಟೇ: "ಕಾಕು, ನನ್ನ ಮಗ ಅಂದ ಮಾತಿನಿಂದ ನಿಮಗ ನೋವಾಗೇತಿ. ಅವತ್ತ ನಾ ಅಲ್ಲೇ ನಿಂತಿದ್ದೆ, ಸುಮ್ಮನ ಇದ್ದೆ. ಕ್ಷಮಾ ಕೇಳಾಕ ಬಂದೀನಿ." ಅವನ ಮನಸ್ಸು ಒಳ್ಳೆಯದು, ವಯಸ್ಸು ಅಂಥದ್ದು, ನೀವು ತಪ್ಪು ತಿಳಿದಿರಿ ಎಂಬ ಸಮಜಾಯಿಷಿ ಯಾವುದೂ ಬೇಡ. ಕ್ಷಮೆ ಕೇಳಿದ ಮೇಲೆ ಒಂದು "ಆದರೆ" ಸೇರಿಸಿದರೆ ಕೇಳಿದ್ದೆಲ್ಲ ಹೋದಂತೆಯೇ. ಅವರು ಬೈದರೆ ಬೈಸಿಕೊಳ್ಳಿ. ಅತ್ತರೆ ಕೂತುಕೊಳ್ಳಿ. ಆ ದಿನ ಯೇಸುಸ್ವಾಮಿಯ ಹೆಸರು ಎತ್ತಬೇಡಿ, ಪ್ರಾರ್ಥನೆ ಮಾಡಲೇ ಎಂದೂ ಕೇಳಬೇಡಿ.

ಕಟ್ಟೆಯ ಮೇಲೆ ಬಿಟ್ಟು ಹೋದ ಡಬ್ಬಿ ಈಗ ನಿಮ್ಮ ಅಡಿಗೆಮನೆಯಲ್ಲಿ ತೊಳೆದು ಬೋರಲು ಹಾಕಿದ್ದೀರೆಂದು ನನಗೆ ಖಾತ್ರಿ. ನಮ್ಮ ಕಡೆ ನೆರೆಯವರ ಡಬ್ಬಿಯನ್ನು ಬರಿದು ಕಳಿಸುವ ಪದ್ಧತಿಯಿಲ್ಲ, ಕಾಕುವಿಗೂ ಅದು ಗೊತ್ತು. ಏನಾದರೂ ಹಾಕಿ ಒಯ್ಯಿರಿ. ಆದರೆ ಕಾಕಾಗೆಂದು ಬಾಳೆಹಣ್ಣು, ಎಳನೀರು ಮಾತ್ರ ಬೇಡ. ಜಡ್ಡಿನವರ ಮನೆಗೆ ಹೋಗುವಾಗ ನಾವೆಲ್ಲ ಒಯ್ಯುವುದು ಅವನ್ನೇ. ಅವುಗಳಲ್ಲಿ ಪೊಟ್ಯಾಸಿಯಂ ಬಹಳ, ಡಯಾಲಿಸಿಸ್ ಮಾಡಿಸಿಕೊಳ್ಳುವವರಿಗೆ ವೈದ್ಯರು ಸಾಮಾನ್ಯವಾಗಿ ಅವನ್ನು ಬಿಡಿಸಿರುತ್ತಾರೆ. ಉಪ್ಪು, ನೀರು ಎಲ್ಲದಕ್ಕೂ ಅಳತೆ ಇರುತ್ತದೆ. ಕಾಕಾಗೆ ಏನು ನಡೆಯುತ್ತದೆ ಎಂದು ಮುಂದೆ ಯಾವತ್ತಾದರೂ ಕಾಕುವನ್ನೇ ಕೇಳಿ ತಿಳಿದುಕೊಳ್ಳಿ. ಸದ್ಯಕ್ಕೆ ಕಾಕುವಿಗೆ ಇಷ್ಟವಾದದ್ದೇನಾದರೂ ಇರಲಿ. ಇಷ್ಟು ಸಣ್ಣ ವಿಷಯವನ್ನು ಇಷ್ಟು ಬೆಳೆಸಿ ಬರೆಯಲು ಕಾರಣವಿದೆ. ನಿಮ್ಮ ಮಗನಿಗೂ, ನಮ್ಮ ಎಷ್ಟೋ ಸಭೆಗಳಿಗೂ ಎದುರಿಗಿರುವವರಿಗೆ ಏನು ಬೇಕೆಂದು ಕೇಳುವ ರೂಢಿ ತಪ್ಪಿಹೋಗಿದೆ. ಯೆರಿಕೋದ ದಾರಿಯಲ್ಲಿ ಕೂಗಿ ಕರೆದ ಕುರುಡ ಬಾರ್ತಿಮಾಯನಿಗೆ ಏನು ಬೇಕೆಂಬುದು ನೋಡಿದವರಿಗೆಲ್ಲ ಗೊತ್ತಿತ್ತು. ಆದರೂ ಯೇಸು ಅವನನ್ನು ನಿಲ್ಲಿಸಿ, ನಿನಗಾಗಿ ನಾನೇನು ಮಾಡಬೇಕು ಎಂದು ಕೇಳಿದ. ಸಮಾರ್ಯದ ಹೆಂಗಸಿನ ಹತ್ತಿರ ತಾನೇ ಮೊದಲು ಕುಡಿಯಲು ನೀರು ಕೇಳಿದ.

ಈಗ ಪ್ರಸಾದದ ವಿಷಯ. ಇದರಲ್ಲಿ ನಿಮಗೆ ಅಪರಾಧಿ ಭಾವ ಬಂದಿದೆ, ಮಗನಿಗೆ ವಿಜಯದ ಭಾವ ಬಂದಿದೆ. ಎರಡಕ್ಕೂ ಆಧಾರವಿಲ್ಲವೆಂದು ನಾನು ತಿಳಿಯುತ್ತೇನೆ.

ಕೊರಿಂಥದ ಸಭೆಯಲ್ಲಿ ಇದೇ ಜಗಳ ಎದ್ದಿತ್ತು. ಅಲ್ಲಿನ ಕಟುಕರ ಅಂಗಡಿಗೆ ಬರುತ್ತಿದ್ದ ಮಾಂಸದಲ್ಲಿ ಎಷ್ಟೋ ಪಾಲು ಗುಡಿಯಲ್ಲಿ ಬಲಿ ಕೊಟ್ಟದ್ದು. ವಿಗ್ರಹ ಬರೀ ಕಲ್ಲು, ತಿಂದರೇನಾಯಿತು ಎನ್ನುವವರು ಕೆಲವರು. ನಿನ್ನೆ ಮೊನ್ನೆಯವರೆಗೆ ಅದೇ ಗುಡಿಗೆ ಹೋಗುತ್ತಿದ್ದು ಈಗ ತಿನ್ನಲು ಎದೆ ನಡುಗುವವರು ಕೆಲವರು. ಪೌಲ ಕೊರಿಂಥದವರಿಗೆ ಬರೆದ ಮೊದಲ ಪತ್ರಿಕೆಯ ಎಂಟನೆಯ ಮತ್ತು ಹತ್ತನೆಯ ಅಧ್ಯಾಯದಲ್ಲಿ ಕೊಟ್ಟ ಉತ್ತರವನ್ನು ಮಗನ ಪಕ್ಕದಲ್ಲಿ ಕೂತು ನಿಧಾನವಾಗಿ ಓದಿ. ಗುಡಿಯ ಪೂಜೆಯ ಪಂಕ್ತಿಯಲ್ಲಿ ಪಾಲುಗೊಳ್ಳುವುದು ಬೇಡ ಎನ್ನುತ್ತಾನೆ. ಪೇಟೆಯಲ್ಲಿ ಮಾರುವುದನ್ನು ವಿಚಾರಣೆ ಮಾಡದೆ ತಿನ್ನಿ ಎನ್ನುತ್ತಾನೆ. ನಂಬಿಕೆಯಿಲ್ಲದವರು ಊಟಕ್ಕೆ ಕರೆದರೆ ಹೋಗಿ, ಬಡಿಸಿದ್ದನ್ನು ಪ್ರಶ್ನೆಯಿಲ್ಲದೆ ಉಣ್ಣಿ, ಆದರೆ ಯಾರಾದರೂ ಇದು ಬಲಿಯದು ಎಂದು ತೋರಿಸಿ ಹೇಳಿದರೆ, ಹೇಳಿದವನ ಮನಸ್ಸಾಕ್ಷಿಗಾಗಿ ಬಿಡಿ ಎನ್ನುತ್ತಾನೆ. ಪ್ರತಿ ಸಲವೂ ಅವನ ಕಣ್ಣು ತಟ್ಟೆಯ ಮೇಲಿಲ್ಲ, ಎದುರಿಗೆ ಕೂತವರ ಮೇಲಿದೆ.

ಕರ್ನಾಟಕದ ಸಭೆಗಳಲ್ಲಿ ಇದರ ಬಗ್ಗೆ ಒಂದೇ ಅಭಿಪ್ರಾಯವಿಲ್ಲ. ಪ್ರಸಾದ ಮುಟ್ಟದ ಹಿರಿಯರೂ ಇದ್ದಾರೆ, ನೆರೆಯವರು ಪ್ರೀತಿಯಿಂದ ಕೊಟ್ಟ ತಿನಿಸೆಂದು ತಿಂದು ಮನೆಗೆ ಬಂದು ದೇವರಿಗೆ ಕೃತಜ್ಞತೆ ಹೇಳುವ ಹಿರಿಯರೂ ಇದ್ದಾರೆ. ನೀವು ಇಪ್ಪತ್ತೆರಡು ವರ್ಷ ತಿಂದದ್ದು ಕಾಕುವಿನ ಸ್ನೇಹವನ್ನು. ಅದು ಪಾಪವೆಂದು ಹೇಳುವ ಧೈರ್ಯ ನನಗಿಲ್ಲ, ಹೇಳಬೇಕೆಂಬ ಮನಸ್ಸೂ ಇಲ್ಲ. ಅರಾಮ್ಯರ ಸೇನಾಪತಿ ನಾಮಾನನನ್ನು ನೆನೆಯಿರಿ. ಕುಷ್ಠ ವಾಸಿಯಾಗಿ ಇಸ್ರಾಯೇಲಿನ ದೇವರನ್ನು ನಂಬಿದ ಮೇಲೆ ಅವನು ಎಲೀಷನ ಮುಂದೆ ತನ್ನ ಕಷ್ಟ ಹೇಳಿಕೊಂಡ. ಅರಸನು ರಿಮ್ಮೋನನ ಗುಡಿಗೆ ಹೋಗುವಾಗ ತನ್ನ ತೋಳು ಹಿಡಿದುಕೊಳ್ಳುತ್ತಾನೆ, ಅವನೊಡನೆ ತಾನೂ ಬಾಗಬೇಕಾಗುತ್ತದೆ, ಕರ್ತನು ಇದನ್ನು ಕ್ಷಮಿಸಲಿ ಎಂದ. ಎಲೀಷ ಅವನನ್ನು ಗದರಿಸಲಿಲ್ಲ, ಕೆಲಸ ಬಿಡು ಎನ್ನಲೂ ಇಲ್ಲ. ಸಮಾಧಾನದಿಂದ ಹೋಗಿ ಬಾ ಎಂದ. ಬನ್ನಿಯ ವಿಷಯವೂ ಹೀಗೆಯೇ. ಬನ್ನಿ ಕೊಟ್ಟು ಬಂಗಾರದಂಗ ಇರೋಣ ಎಂದು ಹಿರಿಯರ ಕಾಲು ಮುಟ್ಟುವುದು ನಿಮಗೆ ಮನುಷ್ಯರ ನಡುವಿನ ಗೌರವವಾಗಿದ್ದರೆ ಅದನ್ನು ಬಿಡಬೇಕಾಗಿಲ್ಲ.

ಆದರೆ ಇದೇ ಪೌಲನ ಮಾತು ನಿಮಗೂ ಒಂದು ಹೊಣೆ ಹೊರಿಸುತ್ತದೆ. ಕೊರಿಂಥದಲ್ಲಿ ಅವನು ಬಹಳ ಕಾಳಜಿಯಿಂದ ಕಾಪಾಡಲು ಹೊರಟದ್ದು ಹೊಸದಾಗಿ ನಂಬಿದವರ ಅಳುಕುವ ಮನಸ್ಸಾಕ್ಷಿಯನ್ನು. ನಿಮ್ಮ ಮನೆಯಲ್ಲಿ ಹಾಗೆ ಹೊಸದಾಗಿ ನಂಬಿದವನು ನಿಮ್ಮ ಮಗ. ಕುಡಿತದಿಂದ ಎದ್ದು ಬಂದ ಹುಡುಗ ತನ್ನ ಹಳೆಯ ಬದುಕಿಗೂ ಹೊಸ ಬದುಕಿಗೂ ನಡುವೆ ದಪ್ಪ ಗೆರೆ ಎಳೆದುಕೊಳ್ಳುತ್ತಾನೆ, ಆ ಗೆರೆ ಅವನಿಗೆ ಈಗ ಬೇಕು. "ತಿನ್ನೋ, ಏನಾಗ್ತದ" ಎಂದು ಅವನನ್ನು ಒತ್ತಾಯಿಸಬೇಡಿ, ಅವನ ಅಂಜಿಕೆಯನ್ನು ಹಗುರ ಮಾಡಿ ಮಾತಾಡಬೇಡಿ. ರೋಮಾಪುರದವರಿಗೆ ಬರೆದ ಪತ್ರಿಕೆಯ ಹದಿನಾಲ್ಕನೆಯ ಅಧ್ಯಾಯ ಇಬ್ಬರಿಗೂ ಸೇರಿದೆ. ತಿನ್ನುವವರು ತಿನ್ನದವರನ್ನು ಹೀನೈಸಬಾರದು, ತಿನ್ನದವರು ತಿನ್ನುವವರಿಗೆ ತೀರ್ಪು ಕೊಡಬಾರದು.

ಅವನು ಪ್ರಸಾದ ಬೇಡವೆಂದದ್ದರಲ್ಲಿ ತಪ್ಪಿಲ್ಲ, ಬೇಡವೆಂದ ರೀತಿ ತಪ್ಪು. ದಾನಿಯೇಲನನ್ನು ಅವನಿಗೆ ತೋರಿಸಿ. ನಿಮ್ಮ ಮಗನ ವಯಸ್ಸಿಗಿಂತ ಚಿಕ್ಕವನೇ ಇದ್ದಿರಬೇಕು. ಬಾಬೆಲಿನ ಅರಸನ ಮನೆಯ ಭೋಜನದಿಂದ ತನ್ನನ್ನು ಅಶುದ್ಧ ಮಾಡಿಕೊಳ್ಳಬಾರದೆಂದು ಅವನೂ ಗಟ್ಟಿ ನಿರ್ಧಾರ ಮಾಡಿದ್ದ. ಆದರೆ ತಟ್ಟೆ ನೂಕಿ ಎದ್ದುಹೋಗಲಿಲ್ಲ. ಕಂಚುಕಿಯರ ನಾಯಕನ ಅಪ್ಪಣೆ ಬೇಡಿದ. ಆ ನಾಯಕನಿಗೆ ತನ್ನ ತಲೆ ಹೋದೀತೆಂಬ ಭಯವಿತ್ತು. ದಾನಿಯೇಲ ಆ ಭಯವನ್ನು ಅರ್ಥ ಮಾಡಿಕೊಂಡು, ಹತ್ತು ದಿನ ಕಾಯಿಪಲ್ಯ, ನೀರು ಕೊಟ್ಟು ನೋಡಿ, ಆಮೇಲೆ ನೀವೇ ತೀರ್ಮಾನಿಸಿ ಎಂದು ದಾರಿ ಹುಡುಕಿದ. ತನ್ನ ಶುದ್ಧತೆ ಉಳಿಯಿತು, ಇನ್ನೊಬ್ಬನ ಕುತ್ತಿಗೆಯೂ ಉಳಿಯಿತು. ನಿಮ್ಮ ಮಗ ಅಂದು ಬಾಗಿಲಲ್ಲಿ, "ಕಾಕು, ನಾ ಪ್ರಸಾದ ತೊಗೊಳ್ಳಂಗಿಲ್ಲ, ತಪ್ಪು ತಿಳಕೋಬ್ಯಾಡ್ರಿ. ಒಳಗ ಬರ್ರಿ, ಚಹಾ ಕುಡಿಯೋಣು" ಎಂದಿದ್ದರೆ ಅವನ ನಂಬಿಕೆಗೆ ಕೂದಲೆಳೆಯಷ್ಟೂ ಕುಂದು ಬರುತ್ತಿರಲಿಲ್ಲ. ಕಾಕುವಿಗೆ ಸ್ವಲ್ಪ ಬೇಸರ ಆಗುತ್ತಿತ್ತು, ಅವಮಾನ ಆಗುತ್ತಿರಲಿಲ್ಲ. ಇಪ್ಪತ್ತೆರಡು ವರ್ಷ ಆ ಮೆಟ್ಟಿಲು ಹತ್ತಿದ ಹೆಂಗಸಿಗೆ ಇನ್ನು ತರಬೇಡಿ ಎಂದು ಹೇಳಿದ್ದು ಅವರನ್ನೇ ಬರಬೇಡಿ ಎಂದಂತೆ ಕೇಳಿಸಿರುತ್ತದೆ.

ಇನ್ನು ನಿಮ್ಮ ಪತ್ರದಲ್ಲಿ ನನ್ನನ್ನು ಹೆದರಿಸಿದ ಮಾತಿಗೆ ಬರುತ್ತೇನೆ. ಕಾಕಾ ಒಂದು ಸರದಿ ಬಿಡಲೇ ಎಂದು ಕೇಳಿದರಂತೆ ಎಂದು ನೀವು ನಡುವೆ ಎಲ್ಲೋ ಬರೆದು ಮುಂದೆ ಹೋಗಿದ್ದೀರಿ. ಕಾಕು ಮುನಿದಿರುವುದು ಶಿರಾದ ಕಾರಣಕ್ಕೆ ಮಾತ್ರವಲ್ಲ ತಂಗಿ, ಮುಖ್ಯವಾಗಿ ಇದಕ್ಕೆ. ಕೆಲಸ ನಿಲ್ಲಿಸಿದ ಕಿಡ್ನಿ ಇರುವ ದೇಹದಲ್ಲಿ ಡಯಾಲಿಸಿಸ್ ತಪ್ಪಿದರೆ ಪುಪ್ಪುಸದಲ್ಲಿ ನೀರು ತುಂಬಿ ಉಸಿರು ಕಟ್ಟಬಹುದು. ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯ ಏಕಾಏಕಿ ನಿಲ್ಲಬಹುದು. ಪೂರ್ತಿ ಬಿಟ್ಟವರು ಸಾಮಾನ್ಯವಾಗಿ ಕೆಲವು ದಿನ, ಹೆಚ್ಚೆಂದರೆ ಕೆಲವು ವಾರ ಉಳಿಯುತ್ತಾರೆ. ಸೂಜಿ, ಖರ್ಚು, ದಣಿವು ಎಲ್ಲದರಿಂದ ಬೇಸತ್ತ ಮನುಷ್ಯನಿಗೆ "ಬೇಕಾಗುವುದಿಲ್ಲ" ಎಂಬ ಒಂದು ಮಾತು ಸಾಕು. ಅದನ್ನು ಹೇಳಿದವನು ಇಪ್ಪತ್ನಾಲ್ಕರ ಆರೋಗ್ಯವಂತ ಹುಡುಗ, ಕಾಕಾಗೆ ಹೆಚ್ಚುಕಡಿಮೆಯಾದರೆ ಅನುಭವಿಸಬೇಕಾದವರು ಕಾಕು.

ಈ ಒಂದು ವಿಷಯದಲ್ಲಿ ಮಗನೊಂದಿಗೆ ಚರ್ಚೆ ಬೇಡ, ನೇರವಾಗಿ ಹೇಳಿ. ಯಾವ ರೋಗಿಗೂ ಔಷಧ, ಚಿಕಿತ್ಸೆ ಬಿಡಿಸುವ ಮಾತು ನಮ್ಮ ಮನೆಯಿಂದ ಹೋಗಬಾರದು. ಅವನು ಖುದ್ದಾಗಿ ಹೋಗಿ, "ಕಾಕಾ, ನಾ ಅಂದದ್ದು ತಪ್ಪು, ಡಾಕ್ಟರ್ ಹೇಳಿದ್ದನ್ನ ಒಂದೂ ಬಿಡಬ್ಯಾಡ್ರಿ" ಎಂದು ಹೇಳಬೇಕು. ಕ್ರೈಸ್ತ ನಂಬಿಕೆಯಲ್ಲಿ ಪ್ರಾರ್ಥನೆ ಚಿಕಿತ್ಸೆಯ ವೈರಿಯಲ್ಲ. ಸುವಾರ್ತೆ ಬರೆದ ಲೂಕನನ್ನು ಪೌಲ ಪ್ರಿಯ ವೈದ್ಯನೆಂದೇ ಕರೆಯುತ್ತಾನೆ. ಐಡಾ ಸ್ಕಡ್ಡರ್ 1900ರಲ್ಲಿ ಒಂದೇ ಹಾಸಿಗೆಯ ದವಾಖಾನೆಯಾಗಿ ತೆರೆದದ್ದು ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಾಗಿ ಬೆಳೆಯಿತು. ಭಾರತದ ಮೊದಲ ಯಶಸ್ವಿ ಕಿಡ್ನಿ ಕಸಿ ನಡೆದದ್ದು ಅಲ್ಲಿಯೇ, 1971ರಲ್ಲಿ. ಅಲ್ಲಿ ಪ್ರಾರ್ಥನೆಯೂ ಇತ್ತು, ಶಸ್ತ್ರಚಿಕಿತ್ಸೆಯೂ ಇತ್ತು. ನಿಮ್ಮ ಮಗ ಕಾಕಾಗೆ ಸಾಕ್ಷಿ ಹೇಳಬೇಕೆಂದಿದ್ದರೆ ಆ ಪರಂಪರೆಯ ಕಡೆಯಿಂದ ಶುರು ಮಾಡಲಿ. ವಾರಕ್ಕೆ ಎರಡು ಸಲ ಆಟೋ ಹುಡುಕಿ, ಕಾಕಾನನ್ನು ಕೂರಿಸಿ, ಇಳಿಸಿ, ನಾಲ್ಕು ತಾಸು ಬೆಂಚಿನ ಮೇಲೆ ಕಾಯುವವರು ಕಾಕು ಒಬ್ಬರೇ ಅಲ್ಲವೇ? ಒಂದು ಸರದಿಗೆ ಅವನು ರಜೆ ಹಾಕಿ ಜೊತೆಗೆ ಹೋಗಬಹುದು. ಅವರು ಒಪ್ಪಿದರೆ ಮಾತ್ರ. ಜೇಬಿನಲ್ಲಿ ಕರಪತ್ರ ಇಟ್ಟುಕೊಳ್ಳದೆ.

ಯೋಬನ ಮೂವರು ಗೆಳೆಯರು ಅವನ ಸಂಕಟ ಕೇಳಿ ಬಂದಾಗ ಏಳು ಹಗಲು ಏಳು ರಾತ್ರಿ ಅವನೊಂದಿಗೆ ನೆಲದ ಮೇಲೆ ಸುಮ್ಮನೆ ಕೂತಿದ್ದರು. ಆ ಪುಸ್ತಕದಲ್ಲಿ ಅವರು ಮಾಡಿದ ಅತ್ಯಂತ ಒಳ್ಳೆಯ ಕೆಲಸ ಅದೇ. ಬಾಯಿ ತೆರೆದು, ನಿನ್ನಲ್ಲೇ ಏನೋ ದೋಷವಿದೆ, ಸರಿಮಾಡಿಕೋ, ಎಲ್ಲ ಸರಿಹೋಗುತ್ತದೆ ಎಂದು ಉಪದೇಶ ಶುರುಮಾಡಿದ ಮೇಲೆಯೇ ಕೆಟ್ಟರು. ಕಡೆಗೆ ದೇವರ ಕೋಪ ಬಂದದ್ದು ಯೋಬನ ಮೇಲಲ್ಲ, ಅವರ ಮೇಲೆ. ರೋಗಿಗಳ ಹತ್ತಿರ ಕೂರುವ ಸೇವೆಯಲ್ಲಿರುವ ನಮ್ಮಂಥವರು ಪಾಲಿಸುವ ಕ್ರಮವೊಂದಿದೆ. ಪ್ರಾರ್ಥನೆ ಮಾಡಲೇ ಎಂದು ಒಮ್ಮೆ ಕೇಳಬೇಕು. ಬೇಡವೆಂದರೆ ಮುಖ ಸಣ್ಣದು ಮಾಡಿಕೊಳ್ಳದೆ, ಸರಿ ಎಂದು ದಿಂಬು ಸರಿಪಡಿಸಿಯೋ ನೀರು ಕೊಟ್ಟೋ ಎದ್ದು ಬರಬೇಕು. ಮನೆಗೆ ಬಂದು ಕದ ಹಾಕಿಕೊಂಡು ಅವರಿಗಾಗಿ ಪ್ರಾರ್ಥಿಸುವುದನ್ನು ಯಾರೂ ತಡೆಯುವುದಿಲ್ಲ. ಹಾಗೆ ಪ್ರಾರ್ಥಿಸಲು ಕಲಿಸಿದವರು ಯೇಸುಸ್ವಾಮಿಯೇ.

ಶುಕ್ರವಾರದ ಕೂಟದ ಬಗ್ಗೆ ಹೆಚ್ಚು ಬರೆಯಬೇಕಾಗಿಲ್ಲ. ಮನೆಯಲ್ಲಿ ಕೂಡಿ ಪ್ರಾರ್ಥಿಸುವುದು ನಿಮ್ಮ ಹಕ್ಕು, ಅದನ್ನು ನಿಲ್ಲಿಸಿ ಎಂದು ನಾನು ಹೇಳುವುದಿಲ್ಲ. ಸ್ಪೀಕರ್ ತೆಗೆಯಿರಿ. ಒಂಬತ್ತಕ್ಕೆ ಮುಗಿಸಿ. ಬೈಕುಗಳು ದೂರ ನಿಲ್ಲಲಿ, ರಾತ್ರಿ ಕಾಕಾಗೆ ಉಸಿರಾಟದ ತೊಂದರೆಯಾಗಿ ಆಂಬುಲೆನ್ಸ್ ಬಂದರೆ ಗೇಟು ತೆರೆದಿರಬೇಕು. ಚೆನ್ನೈನ ಒಂದು ಬಡಾವಣೆಯಲ್ಲಿ ಚರ್ಚ್ ಆಫ್ ಗಾಡ್ ಎಂಬ ಸಭೆಯವರ ಧ್ವನಿವರ್ಧಕ, ಡ್ರಮ್ಮು, ಗಿಟಾರಿನ ವಿರುದ್ಧ ನಿವಾಸಿಗಳ ಸಂಘ ಕೋರ್ಟಿಗೆ ಹೋಗಿತ್ತು. 2000ದ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಇತರರ ಶಾಂತಿ ಕೆಡಿಸಿ, ಧ್ವನಿವರ್ಧಕ ಹಚ್ಚಿ, ಡೋಲು ಬಾರಿಸಿ ಪ್ರಾರ್ಥನೆ ಮಾಡಬೇಕೆಂದು ಯಾವ ಧರ್ಮವೂ ವಿಧಿಸಿಲ್ಲ, ವೃದ್ಧರಿಗೂ ರೋಗಿಗಳಿಗೂ ಎಳೆಯ ಮಕ್ಕಳಿಗೂ ಓದುವ ವಿದ್ಯಾರ್ಥಿಗಳಿಗೂ ನೆಮ್ಮದಿಯ ಹಕ್ಕಿದೆ ಎಂಬುದು ಅದರ ಸಾರ. ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ ಹತ್ತರ ನಂತರ 45 ಡೆಸಿಬಲ್ ಮಿತಿ ಎಂದು ಅದೇ ವರ್ಷದ ಕೇಂದ್ರದ ನಿಯಮಗಳೂ ಹೇಳುತ್ತವೆ. ಮಗ, ಹಾಗಾದರೆ ಗಣಪತಿ ಹಬ್ಬದ ಡಿಜೆ ಎಂದು ಕೇಳಬಹುದು. ಕೇಳಲಿ, ನ್ಯಾಯವಾದ ಪ್ರಶ್ನೆ. ಆ ನಿಯಮ ಅವರಿಗೂ ಇದೆ. ಅವರು ಪಾಲಿಸುತ್ತಾರೋ ಇಲ್ಲವೋ ನೋಡಿಕೊಂಡು ನಮ್ಮ ಪ್ರಾರ್ಥನೆಯ ದನಿ ಗೊತ್ತುಮಾಡುವುದು ಕ್ರಿಸ್ತನ ಹಿಂಬಾಲಕರಿಗೆ ತಕ್ಕುದಲ್ಲ. ಜ್ಞಾನೋಕ್ತಿಗಳ 27ನೆಯ ಅಧ್ಯಾಯದಲ್ಲಿ, ಮುಂಜಾನೆ ಎದ್ದು ನೆರೆಯವನನ್ನು ಗಟ್ಟಿ ದನಿಯಲ್ಲಿ ಹರಸುವವನ ಹರಕೆ ಶಾಪವೆಂದೇ ಎಣಿಕೆಯಾಗುತ್ತದೆಂಬ ಅರ್ಥದ ಮಾತಿದೆ. ಅದನ್ನು ಹುಡುಗರಿಗೆ ಒಂದು ಶುಕ್ರವಾರ ಪಾಠವಾಗಿ ಕೊಡಿ.

ಓಣಿಯಲ್ಲಿ ಎದ್ದಿರುವ ಮತಾಂತರದ ಮಾತು ನಿಮ್ಮನ್ನು ಕುಗ್ಗಿಸಿದೆ. ಸಂವಿಧಾನದ 25ನೆಯ ವಿಧಿ ನಂಬುವ, ಆಚರಿಸುವ, ಪ್ರಚಾರ ಮಾಡುವ ಸ್ವಾತಂತ್ರ್ಯವನ್ನು ಸಾರ್ವಜನಿಕ ಶಾಂತಿ, ನೈತಿಕತೆ, ಆರೋಗ್ಯದ ಮಿತಿಯೊಳಗೆ ಎಲ್ಲರಿಗೂ ಕೊಟ್ಟಿದೆ. 1977ರ ಸ್ಟಾನಿಸ್ಲಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಪ್ರಚಾರವೆಂದರೆ ತನ್ನ ಧರ್ಮದ ತತ್ವಗಳನ್ನು ತಿಳಿಸಿಹೇಳುವುದು, ಇನ್ನೊಬ್ಬನನ್ನು ಮತಾಂತರಿಸುವ ಹಕ್ಕು ಅದರಲ್ಲಿ ಸೇರಿಲ್ಲ ಎಂದಿತು. ಆದರೆ ಕೋರ್ಟಿನ ಮಾತಿಗಿಂತ ಮೊದಲು ಕಾಕಾನ ಮನೆಯವರ ಕಣ್ಣಿನಿಂದ ಒಮ್ಮೆ ನೋಡಿ. ಮನೆಯ ಹಿರಿಯರು ದೊಡ್ಡ ಕಾಯಿಲೆಯಲ್ಲಿದ್ದಾರೆ. ಪಕ್ಕದ ಮನೆಯ ಹುಡುಗ ಬಂದು, ನಮ್ಮ ದೇವರನ್ನು ನಂಬಿದರೆ ವಾಸಿ ಎಂದು ಹೇಳಿ ಹೋದ. ಇದು ಆಮಿಷದಂತೆ ಕಂಡರೆ ಅವರನ್ನು ದ್ವೇಷಿಗಳೆಂದು ಕರೆಯಲು ಸಾಧ್ಯವಿಲ್ಲ. ಪೇತ್ರ ತನ್ನ ಮೊದಲ ಪತ್ರಿಕೆಯಲ್ಲಿ, ನಿಮ್ಮ ನಿರೀಕ್ಷೆಗೆ ಕಾರಣ ಕೇಳುವವರಿಗೆ ಉತ್ತರ ಕೊಡಲು ಸಿದ್ಧರಾಗಿರಿ, ಅದನ್ನು ಸಾತ್ವಿಕತೆಯಿಂದಲೂ ಗೌರವದಿಂದಲೂ ಕೊಡಿ ಎಂದು ಬುದ್ಧಿ ಹೇಳುತ್ತಾನೆ. ಕಾಕಾ ಕೇಳಿರಲಿಲ್ಲ.

ಹಾಗಾದರೆ ಸುಮ್ಮನಿರುವುದೆಲ್ಲ ಸರಿಯೇ? ಅದೂ ಅಲ್ಲ. ಮಗ ಹೇಳಿದ "ನಾಚಿಕೊಳ್ತಿ" ಎಂಬ ಮಾತು ನಿಮ್ಮನ್ನು ಚುಚ್ಚಿದೆ, ಅದನ್ನು ತಳ್ಳಿಹಾಕದೆ ಪರೀಕ್ಷಿಸೋಣ. ಪೇತ್ರ ಮಹಾಯಾಜಕನ ಅಂಗಳದಲ್ಲಿ ಬೆಂಕಿ ಕಾಯಿಸುತ್ತಿದ್ದಾಗ ನೀನೂ ಯೇಸುವಿನ ಜೊತೆಯವನಲ್ಲವೇ ಎಂದು ನೇರವಾಗಿ ಕೇಳಿದರು, ಅವನು ಇಲ್ಲವೆಂದ. ಅಲ್ಲಗಳೆಯುವುದೆಂದರೆ ಅದು. ಹೆರೋದನ ಮುಂದೆ ಯೇಸುವೇ ಒಂದು ಮಾತೂ ಆಡದೆ ನಿಂತ, ಅದನ್ನು ಯಾರೂ ನಾಚಿಕೆ ಎನ್ನುವುದಿಲ್ಲ. ನೀವು ಕ್ರೈಸ್ತರೆಂದು ಕಾಕುವಿಗೆ ಗೊತ್ತಿದ್ದೇ ಇಪ್ಪತ್ತೆರಡು ವರ್ಷ ಬದುಕಿದ್ದೀರಿ. ಭಾನುವಾರ ಸೀರೆಯುಟ್ಟು ಸತ್ಯವೇದ ಹಿಡಿದು ಅವರ ಮನೆಯ ಮುಂದೆಯೇ ಹೋಗಿದ್ದೀರಿ, ಕ್ರಿಸ್ಮಸ್ಸಿಗೆ ನಕ್ಷತ್ರ ಕಟ್ಟಿದ್ದೀರಿ. ಇದರಲ್ಲಿ ಬಚ್ಚಿಟ್ಟದ್ದೇನಿದೆ? ಆದರೆ ಈಗ ಕಿಟಕಿ ಹಾಕಿಕೊಂಡು ಕೀರ್ತನೆ ಬಿಟ್ಟಿರುವುದು ನೆರೆಯವರ ಮೇಲಿನ ಕಾಳಜಿಯಿಂದ ಅಲ್ಲ, ಓಣಿಯ ಭಯದಿಂದ. ಆ ಭಯಕ್ಕೆ ಒಳಗಾಗಬೇಡಿ. ಸ್ಪೀಕರ್ ತೆಗೆದ ಮನೆಯಲ್ಲಿ ಒಬ್ಬ ತಾಯಿ ರೊಟ್ಟಿ ಬಡಿಯುತ್ತ ಹಾಡಿಕೊಳ್ಳುವ ಕೀರ್ತನೆಯಿಂದ ಯಾರಿಗೂ ಉಪದ್ರವವಿಲ್ಲ. ನಾಳೆಯಿಂದಲೇ ಹಾಡಿ.

ಮಗನಿಗೆ ನಿಮ್ಮ ಮಾತು ಹಳೆಯ ಸಭೆಯ ಹಳೆಯ ಮಾತೆನಿಸಬಹುದು. ಅವನಿಗೆ ನಿಮ್ಮ ಊರಿನ ಕಥೆಯನ್ನೇ ಹೇಳಿ. ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು, ನಾಲ್ಕೈದು ವರ್ಷದಲ್ಲಿ ಧಾರವಾಡ, ಹುಬ್ಬಳ್ಳಿಗೆ ಬಂದರು. ಅವರೆಲ್ಲ ನೆರೆಯವರ ಬಗ್ಗೆ ಮೃದುವಾಗಿದ್ದರೆಂದಲ್ಲ, ಇಲ್ಲಿನ ಪೂಜೆ ಪುನಸ್ಕಾರಗಳ ಮೇಲೆ ಕಟುವಾಗಿ ಬರೆದದ್ದೂ ಉಂಟು. ಆದರೆ ಅವರಲ್ಲೇ ಒಬ್ಬ ಮೋಗ್ಲಿಂಗ್ 1850ರ ಹೊತ್ತಿಗೆ ದಾಸರ ಪದಗಳನ್ನೂ ಬಸವಪುರಾಣವನ್ನೂ ಜೈಮಿನಿ ಭಾರತವನ್ನೂ ಅಚ್ಚು ಹಾಕಿಸಿದ. ಧಾರವಾಡದಲ್ಲೂ ಇದ್ದ ಕಿಟ್ಟೆಲ್ ದಶಕಗಳ ಕಾಲ ಕನ್ನಡದ ಮಾತುಗಳನ್ನು ಕೂಡಿಸಿ 1894ರಲ್ಲಿ ನಿಘಂಟು ಹೊರತಂದ, ನಾಗವರ್ಮನ ಛಂದಸ್ಸಿನ ಗ್ರಂಥವನ್ನು ಸಂಪಾದಿಸಿದ, ಕ್ರಿಸ್ತನ ಕಥೆಯನ್ನು ಕನ್ನಡದ ಛಂದಸ್ಸಿನಲ್ಲೇ ಬರೆದ. ಇವರಿಬ್ಬರೂ ಸುವಾರ್ತೆ ಸಾರಲೆಂದೇ ಬಂದವರು. ಆದರೆ ಹೇಳುವುದಕ್ಕಿಂತ ಬಹಳ ಹೆಚ್ಚು ಹೊತ್ತು ಕೇಳಿಸಿಕೊಂಡರು. ನಿಮ್ಮ ಮಗ ಕಾಕಾನ ಮನೆಯಲ್ಲಿ ಹಾಡುವ ಒಂದು ಪದವನ್ನಾದರೂ ಪೂರ್ತಿ ಕೇಳಿದ್ದಾನೆಯೇ? ಸತ್ಯನಾರಾಯಣ ಪೂಜೆಯನ್ನು ಈ ವರ್ಷ ಯಾಕೆ ಮಾಡಿಸಿದರೆಂದು ವಿಚಾರಿಸಿದ್ದಾನೆಯೇ? ಕಾಕಾ ಉಳಿಯಲೆಂದು ಹರಕೆ ಹೊತ್ತು ಮಾಡಿಸಿರಬಹುದು. ಹಾಗಿದ್ದರೆ ಆ ಡಬ್ಬಿಯಲ್ಲಿ ಕಾಕುವಿನ ಮೊರೆಯಿತ್ತು, ತನ್ನ ಗಂಡನಿಗಾಗಿ ಅವರು ಮಾಡಿದ ಬಿನ್ನಹದಲ್ಲಿ ಒಂದು ಪಾಲನ್ನು ನಿಮ್ಮ ಮನೆಗೂ ತಂದಿದ್ದರು.

ಅವನೊಂದಿಗೆ ಮಾತಾಡುವಾಗ ಕುಡಿತ ಬಿಟ್ಟದ್ದನ್ನು, ಸತ್ಯವೇದ ಓದುವುದನ್ನು ಮೊದಲು ಮನಸಾರೆ ಹೊಗಳಿ. ಅವನ ಉತ್ಸಾಹ ನಿಜವಾದದ್ದು, ಅದು ಆರಬಾರದು. ನಿಮ್ಮಿಂದ ಆಗದಿದ್ದರೆ ನಿಮ್ಮ ಸಭೆಯ ಅಯ್ಯನವರನ್ನು ಕರೆಸಿ, ಅವನ ಗುಂಪಿನ ಹಿರಿಯರನ್ನೂ ಕರೆಸಿ ಒಟ್ಟಿಗೆ ಕೂರಿಸಿ. ಒಬ್ಬರ ಬೆನ್ನ ಹಿಂದೆ ಇನ್ನೊಬ್ಬರಿಗೆ ದೂರು ಹೇಳಬೇಡಿ.

ಕಡೆಯದಾಗಿ, ನೀವು ಹೋದ ದಿನ ಕಾಕು ಬಾಗಿಲು ತೆರೆಯದೆ ಇರಬಹುದು. ತೆರೆದು, ಮಾತು ಬೇಡ, ಹೋಗು ಎನ್ನಬಹುದು. ಆಗ ಡಬ್ಬಿಯನ್ನು ಕೊಟ್ಟು ಬನ್ನಿ. ದಿನಾ ಹೋಗಿ ಬಾಗಿಲು ತಟ್ಟಬೇಡಿ, ಓಣಿಯ ಇತರರಿಂದ ಹೇಳಿ ಕಳಿಸಬೇಡಿ. ಅವರಿಗೆ ಸಿಟ್ಟಾಗಿರಲು ಹಕ್ಕಿದೆ, ಎಷ್ಟು ದಿನ ಎಂಬುದು ಅವರಿಗೇ ಬಿಟ್ಟದ್ದು. ಶುಕ್ರವಾರ ಒಂಬತ್ತಕ್ಕೆ ಕೂಟ ಮುಗಿಯಲಿ, ಗೇಟು ತೆರವಾಗಿರಲಿ, ಕಾಕಾಗೆ ಮಗ ಹೇಳಬೇಕಾದ ಮಾತು ಪತ್ರದಲ್ಲಾದರೂ ತಲುಪಲಿ. ರಾತ್ರಿ ಹೊತ್ತು ಅವರಿಗೆ ಗಾಡಿಯೋ ಜನವೋ ಬೇಕಾದರೆ ಕರೆಯಲೆಂದು ನಿಮ್ಮ ಮತ್ತು ಮಗನ ಫೋನ್ ನಂಬರನ್ನು ಒಂದು ಚೀಟಿಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ಡಬ್ಬಿಯ ಜೊತೆ ಇಟ್ಟು ಬನ್ನಿ. ಆ ಚೀಟಿಯಲ್ಲಿ ಬೇರೇನೂ ಬರೆಯಬೇಡಿ.